ಪೆಟ್ಟಿಗೆಯಲ್ಲಿ ದೂರು ಇಲ್ಲ

ಜುಲೈ 6, ಶನಿವಾರ

ಈ ಶಾಲೆಯನ್ನು ನಡೆಸುವವರು ಯಾರು ಎಂದು ಕೇಳಿದರೆ ಎಲ್ಲರೂ ಹೆಡ್‌ಮೇಡಂ ಎನ್ನುತ್ತಾರೆ. ಪಾಪ, ಹಾಗೆಯೇ ಅಂದುಕೊಳ್ಳಲಿ. ಸೀಮೆಸುಣ್ಣದ ಡಬ್ಬಿಯಿಂದ ಹಿಡಿದು ಸಭಾಂಗಣದ ಕುರ್ಚಿಗಳವರೆಗೆ ಎಲ್ಲದರ ಬೀಗದ ಕೈ ನೇತಾಡುವುದು ನನ್ನ ಸೊಂಟದಲ್ಲಿ. ನಾನು ಒಂದು ದಿನ ಬರದಿದ್ದರೆ ಇಲ್ಲಿ ಪಾಠವಿಲ್ಲ, ಪರೀಕ್ಷೆಯಿಲ್ಲ, ಕೈ ತೊಳೆಯಲು ಸೋಪೂ ಇಲ್ಲ. ಸ್ಟೋರ್ ಕೀಪರ್ ಎನ್ನುವುದು ಕಾಗದದ ಮೇಲಿನ ಹೆಸರು. ಅಕ್ಕನ ಮಗಳು ಇಲ್ಲಿ ಓದುವಾಗ ‘ಮಾವಾ’ ಎಂದು ಕೂಗುತ್ತಿದ್ದಳು, ಅದೇ ಅಂಟಿಕೊಂಡಿತು. ಅವಳು ಓದು ಮುಗಿಸಿ, ಮದುವೆಯಾಗಿ, ಎರಡು ಹೆತ್ತಳು. ನಾನು ಮಾತ್ರ ಇಡೀ ಶಾಲೆಗೆ ಮಾವನಾಗಿ ಉಳಿದೆ.

ಶನಿವಾರ ದೂರು ಪೆಟ್ಟಿಗೆ ತೆರೆಯುವ ದಿನ. ಮೆಟ್ಟಿಲ ಕೆಳಗಿನ ಗೋಡೆಗೆ ಹೊಡೆದಿರುವ ಆ ತಗಡಿನ ಪೆಟ್ಟಿಗೆಗೆ ಎರಡು ಬೀಗ. ಒಂದರ ಕೈ ಮೇಡಂ ಹತ್ತಿರ, ಇನ್ನೊಂದರದು ನನ್ನ ಹತ್ತಿರ, ಇಬ್ಬರೂ ಎದುರಿದ್ದು ತೆರೆಯಬೇಕು ಎಂದು ನಿಯಮ. ಮೇಡಂಗೆ ಶನಿವಾರ ಅವರಿವರ ಭೇಟಿ. ಮೂರು ವರ್ಷದ ಹಿಂದೆಯೇ “ಮಾವ, ನೀವೇ ನೋಡ್ಬಿಡಿ” ಎಂದು ತಮ್ಮ ಬೀಗದ ಕೈಯನ್ನೂ ನನಗೇ ಕೊಟ್ಟರು. ದಾಖಲೆಯಲ್ಲಿ ಇಬ್ಬರು, ಕೆಲಸದಲ್ಲಿ ಒಬ್ಬ.

ದೂರುಗಳಾದರೂ ಎಂಥವು! ‘ವಿಜ್ಞಾನದ ಮೇಡಂ ಸೆಂಟು ಜಾಸ್ತಿ ಹಾಕುತ್ತಾರೆ, ತಲೆನೋವು.’ ‘ನನ್ನ ಪೆನ್ನು ಕದ್ದವರು ಯಾರೆಂದು ನನಗೆ ಗೊತ್ತು, ನೀವು ಕಂಡುಹಿಡಿಯಿರಿ.’ ಇದಕ್ಕೆಲ್ಲ ಸಮಿತಿ ಕೂರಿಸುವುದೆಂದರೆ ಸೊಳ್ಳೆ ಹೊಡೆಯಲು ಫಿರಂಗಿ ತಂದಂತೆ. ನಾನೇ ಓದಿ, ನಾನೇ ವಿಚಾರಿಸಿ, ನಾನೇ ತೀರಿಸಿ, ಚೀಟಿಯನ್ನು ಹರಿದು ಬುಟ್ಟಿಗೆ ಹಾಕುತ್ತೇನೆ. ಚೀಟಿಯಲ್ಲಿ ಹೆಸರಿರುವುದಿಲ್ಲ. ನನಗೆ ಹೆಸರು ಯಾಕೆ ಬೇಕು? ಆರುನೂರು ಮಕ್ಕಳ ನೋಟ್‌ಬುಕ್ಕುಗಳ ಮೇಲಿನ ಲೇಬಲ್ಲು ನನ್ನ ಕಣ್ಣ ಮುಂದೆ ಹಾದುಹೋಗುತ್ತದೆ. ಒಂದು ಸಾಲು ಓದಿದರೆ ಸಾಕು, ಯಾವ ಕ್ಲಾಸು, ಯಾವ ಬೆಂಚು ಎಂದು ಹೇಳಬಲ್ಲೆ. ಪೊಲೀಸರೂ ಇಂಥ ವಿದ್ಯೆ ಕಲಿತಿಲ್ಲ.

ಇವತ್ತು ಬಿದ್ದದ್ದು ಒಂದೇ ಚೀಟಿ. ಅಕ್ಷರ ಒಂಬತ್ತನೇ ಕ್ಲಾಸಿನ ಪ್ರಶ್ನೆಪತ್ರಿಕೆಯದು. ಅದು ನಾನಿಟ್ಟ ಹೆಸರು, ಆ ಹುಡುಗಿ ಬಾಯಿ ಬಿಟ್ಟರೆ ಯಾಕೆ, ಏನು, ಹೇಗೆ. ಗಣಿತದ ಮೇಷ್ಟ್ರು ಸ್ಟೀಲ್ ಸ್ಕೇಲಿನ ಅಂಚಿನಿಂದ ಮಕ್ಕಳ ಬೆರಳ ಗಣ್ಣಿಗೆ ಹೊಡೆಯುತ್ತಾರೆ ಎಂದು ಮೂರು ವಾರದಿಂದ ಬರೆಯುತ್ತಿದ್ದಾಳೆ. ಹೋದ ಶನಿವಾರ ಮೇಷ್ಟ್ರನ್ನು ಸ್ಟೋರಿಗೆ ಕರೆದು, ಟೀ ತರಿಸಿ, ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಹೇಳಿದ್ದೆ. “ಸ್ವಲ್ಪ ಕೈ ಹಗುರ ಮಾಡಿ ಸಾರ್. ಆ ಎರಡನೇ ಬೆಂಚಿನ ಹುಡುಗಿ ಪೆಟ್ಟಿಗೆಗೆ ಹಾಕ್ತಾ ಇದ್ದಾಳೆ.” ಮೇಷ್ಟ್ರು ನಕ್ಕು ಬಿಸ್ಕತ್ತು ಅದ್ದಿಕೊಂಡು ತಿಂದರು.

ಇವತ್ತಿನ ಚೀಟಿ: ‘ಇದು ನನ್ನ ನಾಲ್ಕನೇ ಚೀಟಿ. ಗಣಿತದ ಸರ್ ಈಗ ಬೇರೆ ಯಾರಿಗೂ ಹೊಡೆಯುವುದಿಲ್ಲ. ನನಗೊಬ್ಬಳಿಗೇ ಹೊಡೆಯುತ್ತಾರೆ. ದಯವಿಟ್ಟು ಓದಿ.’

ನೋಡಿದಿರಾ! ಮೊದಲು ನಲವತ್ತು ಮಕ್ಕಳಿಗೆ ಬೀಳುತ್ತಿತ್ತು, ಈಗ ಒಬ್ಬಳಿಗೆ. ಒಂದು ಕಪ್ ಟೀಯಲ್ಲಿ ಮೂವತ್ತೊಂಬತ್ತು ಮಕ್ಕಳನ್ನು ಪಾರುಮಾಡಿದೆ. ಉಳಿದ ಒಬ್ಬಳಿಗೆ ಇನ್ನೊಂದು ಕಪ್.

ರಿಜಿಸ್ಟರಿನಲ್ಲಿ ಎಂದಿನಂತೆ: ‘ಪೆಟ್ಟಿಗೆ ತೆರೆಯಲಾಯಿತು. ದೂರು ಇಲ್ಲ.’ ಸಹಿ. ಮೂರು ವರ್ಷದಿಂದ ಒಂದೂ ದೂರಿಲ್ಲದ ಶಾಲೆ ಎಂದು ಆಡಳಿತ ಮಂಡಳಿಯ ಅಧ್ಯಕ್ಷರು ವಾರ್ಷಿಕೋತ್ಸವದಲ್ಲಿ ಎದೆ ತಟ್ಟಿಕೊಂಡಿದ್ದರು. ಎದೆ ಅವರದು, ತಟ್ಟಿದ ಕೈ ನನ್ನದು.

ಜುಲೈ 8, ಸೋಮವಾರ

ಬೆಳಗ್ಗೆ ಪ್ರಾರ್ಥನೆ ಮುಗಿಯುವ ಮೊದಲೇ ಪ್ರಶ್ನೆಪತ್ರಿಕೆಯ ತಾಯಿ ಬಂದಳು. ಟೈಲರ್. ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಇತ್ತು, ಅಂಗಡಿಯಿಂದ ಎದ್ದು ಬಂದವಳು. ನಾನು ಮೇಡಂ ಕೋಣೆಗೆ ಟೀ ಕೊಂಡೊಯ್ದೆ. ಟೀ ಕೊಡುವುದು ನನ್ನ ಕೆಲಸವಲ್ಲ. ಆದರೆ ಟ್ರೇ ಕೈಯಲ್ಲಿದ್ದರೆ ಯಾವ ಮಾತೂ ತಪ್ಪಿಹೋಗುವುದಿಲ್ಲ.

ಶನಿವಾರ ಮಧ್ಯಾಹ್ನದ ತರಗತಿಯಲ್ಲಿ ಹುಡುಗಿಯ ಬೆರಳು ಮುರಿದಿದೆ. ಬಲಗೈ, ನಡುಬೆರಳು. ಡಾಕ್ಟರು ಪಟ್ಟಿ ಕಟ್ಟಿದ್ದಾರೆ.

“ಬಾಗಿಲಿಗೆ ಸಿಕ್ಕಿಕೊಂಡಿರಬಹುದು, ಮಕ್ಕಳು ಹೇಳಲ್ಲ,” ಎಂದರು ಮೇಡಂ.

“ಬಾಗಿಲು ಗಣಿತ ಕಲಿಸುತ್ತಾ ಮೇಡಂ?” ಎಂದಳು ತಾಯಿ. “ನಾಲ್ಕು ಚೀಟಿ ಹಾಕಿದ್ದಾಳೆ ನಿಮ್ಮ ಪೆಟ್ಟಿಗೆಗೆ. ಎಲ್ಲಿ ಹೋದ್ವು?”

ಮೇಡಂ ನನ್ನ ಮುಖ ನೋಡಿದರು. ನಾನು ಸಕ್ಕರೆ ಎಷ್ಟು ಚಮಚ ಎಂದು ಕೇಳಿದೆ.

“ನಮಗೆ ಸಕ್ಕರೆ ಬೇಡ,” ಎಂದಳು ಆಕೆ. “ಉತ್ತರ ಬೇಕು.”

ಭಾರಿ ಹೆಂಗಸು. ಇಂಥವಳ ಹತ್ತಿರ ಬಟ್ಟೆ ಹೊಲಿಸಲು ಕೊಟ್ಟರೆ ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡಲಾಗದು, ತಿಳಿದುಬಿಡುತ್ತದೆ.

ಜುಲೈ 9, ಮಂಗಳವಾರ

ವಿಚಾರಣಾ ಸಮಿತಿ ರಚನೆಯಾಯಿತು. ಮೂವರು. ಒಬ್ಬರು ಮೇಡಂ. ಇನ್ನೊಬ್ಬ ಅಧ್ಯಕ್ಷರ ಅಳಿಯ, ವಕೀಲ. ಹೆಣ್ಣು ಕೊಟ್ಟ ಮಾವನ ಶಾಲೆಯ ಕೇಸು ಬಿಟ್ಟರೆ ಬೇರೆ ಕೇಸು ಸಿಕ್ಕಿದ್ದನ್ನು ಯಾರೂ ನೋಡಿಲ್ಲ. ಮೂರನೆಯವರು ಪೋಷಕರ ಪ್ರತಿನಿಧಿ, ಹಲ್ಲಿನ ಡಾಕ್ಟರು. ದಿನವಿಡೀ ಬೇರೆಯವರ ಬಾಯಿ ತೆರೆಸುವ ಮನುಷ್ಯ, ತಾನು ಬಾಯಿ ತೆರೆಯುವುದಿಲ್ಲ. ಸಮಿತಿಗೆ ದಾಖಲೆ ಒದಗಿಸುವುದು ನಾನು. ಅಂದರೆ ನಾಲ್ಕನೆಯ ಸದಸ್ಯ. ಸರಿಯಾಗಿ ನೋಡಿದರೆ ಮೊದಲನೆಯವನು.

ವಕೀಲ ಅಳಿಯ ನನ್ನ ರಿಜಿಸ್ಟರನ್ನು ಎರಡೂ ಕೈಯಲ್ಲಿ ಹಿಡಿದು ಹಾಳೆ ಹಾಳೆ ತಿರುವಿದ. “ಮಾವ, ಇದು ಚಿನ್ನ. ಜೂನ್ ಹದಿನೈದು, ದೂರು ಇಲ್ಲ. ಇಪ್ಪತ್ತೆರಡು, ದೂರು ಇಲ್ಲ. ಇಪ್ಪತ್ತೊಂಬತ್ತು, ಇಲ್ಲ. ಜುಲೈ ಆರು, ಇಲ್ಲ. ಹುಡುಗಿ ಚೀಟಿ ಹಾಕ್ದೆ ಅಂತಾಳೆ, ಪೆಟ್ಟಿಗೆ ಬಂದಿಲ್ಲ ಅನ್ನುತ್ತೆ. ಚೀಟಿ ಸುಳ್ಳಾದ್ರೆ ಸ್ಕೇಲೂ ಸುಳ್ಳು.”

“ಆಮೇಲೆ?” ಎಂದೆ.

“ಸುಳ್ಳು ದೂರು ಕೊಟ್ಟು ಶಾಲೆ ಹೆಸರು ಕೆಡಿಸಿದ್ದಕ್ಕೆ ಟೀಸಿ. ಬೇರೆ ಶಾಲೆ ನೋಡ್ಕೊಳ್ಳಲಿ.”

ನನ್ನ ಒಂದು ಸಾಲಿಗೆ ಇಷ್ಟೊಂದು ಬಲವಿದೆ ಎಂದು ನನಗೇ ಗೊತ್ತಿರಲಿಲ್ಲ. ರಾತ್ರಿ ಮನೆಯವಳಿಗೆ ಹೇಳಿದೆ. “ವಕೀಲರೇ ನನ್ನ ಬರಹ ಚಿನ್ನ ಅಂದ್ರು.”

ಅವಳು ತಟ್ಟೆ ಒರೆಸುತ್ತಾ, “ಒರೆಗೆ ಹಚ್ಚಿದ್ರಾ?” ಎಂದಳು. ಇವಳಿಗೆ ಗಂಡನ ಏಳಿಗೆ ಕಂಡರಾಗದು.

ಜುಲೈ 12, ಶುಕ್ರವಾರ

ಗಣಿತದ ಮೇಷ್ಟ್ರು ಸ್ಟೋರಿಗೆ ಬಂದು ಹೊಸ ಸ್ಕೇಲು ಕೇಳಿದರು. ಹಳೆಯದು ಎಲ್ಲಿ ಎಂದೆ. ಬಾಗಿದೆ ಎಂದರು. ಹಳೆಯದು ತಂದರೆ ಮಾತ್ರ ಹೊಸದು, ನಿಯಮ ಎಂದರೆ ನಿಯಮ, ಎಂದು ಕಳಿಸಿದೆ. ಆಮೇಲೆ ಸುಮ್ಮನೆ ಕುತೂಹಲಕ್ಕೆ ಪುಸ್ತಕ ತೆಗೆದು ನೋಡಿದೆ. ಈ ವರ್ಷ ಶಾಲೆ ತೆರೆದ ಮೇಲೆ ಅವರಿಗೆ ಮೂರು ಸ್ಟೀಲ್ ಸ್ಕೇಲು ಕೊಟ್ಟಿದ್ದೇನೆ. ಚಿತ್ರಕಲೆಯ ಮೇಷ್ಟ್ರಿಗೆ ಕೊಟ್ಟ ಒಂದೇ ಸ್ಕೇಲು ಐದು ವರ್ಷದಿಂದ ನೆಟ್ಟಗಿದೆ.

ಮಧ್ಯಾಹ್ನ ಪ್ರಶ್ನೆಪತ್ರಿಕೆ ಬಂದಳು. ಬೆರಳಿಗೆ ಬಿಳಿ ಪಟ್ಟಿ, ಪಟ್ಟಿಯ ಹೊರಗಿದ್ದ ತುದಿ ನೇರಳೆ ಬಣ್ಣ. ನೋಟ್‌ಬುಕ್ಕಿಗೆ ಬಂದಿದ್ದಾಳೆ ಎಂದು ಅಂದುಕೊಂಡೆ. ಅವಳು ಆಚೀಚೆ ನೋಡಿ ಬಾಗಿಲು ಅರ್ಧ ಮುಚ್ಚಿದಳು.

“ಮಾವ, ಒಂದು ಗುಟ್ಟು. ಪೆಟ್ಟಿಗೆಯಿಂದ ಯಾರೋ ಚೀಟಿ ಕದೀತಿದ್ದಾರೆ.”

“ಯಾರು?”

“ಗೊತ್ತಿಲ್ಲ. ನಾನು ಹಾಕಿದ್ದು ನಿಜ ಮಾವ. ಕೈಯಾರೆ ಹಾಕಿ, ಬಿತ್ತಾ ಇಲ್ವಾ ಅಂತ ಕಿವಿ ಇಟ್ಟು ಕೇಳಿದ್ದೆ. ಕದ್ದವರೇ ಸರ್‌ಗೆ ನನ್ನ ಹೆಸರನ್ನೂ ಹೇಳಿದ್ದಾರೆ. ಸರ್ ಕ್ಲಾಸಲ್ಲೇ ಕೇಳಿದ್ರು, ‘ಏನಮ್ಮಾ ಲೇಖಕಿ, ಈ ವಾರ ಏನು ಬರೆದೆ?’ ಅಂತ. ನೀವು ಬೀಗ ಬದಲಾಯಿಸಿ. ಬೇರೆ ಯಾರಿಗೂ ಹೇಳಬೇಡಿ, ನಿಮ್ಮನ್ನೊಬ್ಬರನ್ನೇ ನಂಬಿರೋದು.”

“ಹ್ಞೂಂ,” ಎಂದೆ. ಎಡಗೈಯಲ್ಲಿ ಬರೆಯಲು ದಪ್ಪ ಪೆನ್ಸಿಲ್ ಕೊಟ್ಟೆ. ಅದನ್ನು ಪುಸ್ತಕದಲ್ಲಿ ದಾಖಲಿಸಲಿಲ್ಲ.

ಬಹಳ ಸೆಕೆ ಇವತ್ತು.

ಜುಲೈ 13, ಶನಿವಾರ

ಪೆಟ್ಟಿಗೆ ತೆರೆದೆ. ಖಾಲಿ. ನಿಜವಾಗಿಯೂ ದೂರು ಇರಲಿಲ್ಲ. ರಿಜಿಸ್ಟರಿನಲ್ಲಿ ಬರೆಯಲಿಲ್ಲ, ಪೆನ್ನು ಸಿಗಲಿಲ್ಲ. ಸ್ಟೋರಿನಲ್ಲಿ ಹನ್ನೊಂದು ಡಬ್ಬಿ ಪೆನ್ನಿದೆ.

ಜುಲೈ 15, ಸೋಮವಾರ

ವಕೀಲ ಅಳಿಯ ನನ್ನನ್ನು ಕರೆದು ಕೂರಿಸಿದ. ಕುರ್ಚಿಯ ಮೇಲೆ! ಗುರುವಾರ ವಿಚಾರಣೆ, ನಾನು ಮುಖ್ಯ ಸಾಕ್ಷಿ. ರಿಜಿಸ್ಟರು ತೋರಿಸಿ, ಸಹಿ ನನ್ನದು, ಬರೆದದ್ದು ಸತ್ಯ ಎಂದರೆ ಮುಗಿಯಿತು. ಮುಂದಿನ ತಿಂಗಳಿಂದ ನಾನು ‘ಮೇಲ್ವಿಚಾರಕ’. ಗಾಜು ಹಾಕಿದ ಮೇಜು, ತಿರುಗುವ ಕುರ್ಚಿ, ಬಾಗಿಲ ಮೇಲೆ ಹೆಸರು. ವರದಿಯನ್ನು ಆಗಲೇ ಟೈಪ್ ಮಾಡಿಸಿಟ್ಟಿದ್ದಾನೆ. ವಿಚಾರಣೆ ಗುರುವಾರ, ತೀರ್ಪು ಸೋಮವಾರವೇ ಸಿದ್ಧ. ಮಗು ಹುಟ್ಟುವ ಮೊದಲೇ ಕುಲಾವಿ.

ಮನೆಯವಳಿಗೆ ತಿರುಗುವ ಕುರ್ಚಿಯ ವಿಷಯ ಹೇಳಿದೆ.

“ಯಾಕ್ರೀ, ಕೂತಲ್ಲೇ ಮುಖ ತಿರುಗಿಸ್ಕೊಳ್ಳೋಕಾ?” ಎಂದಳು.

“ನಿನಗೇನು ಗೊತ್ತು ಆಫೀಸಿನ ವಿಷಯ?”

“ನನಗೇನೂ ಗೊತ್ತಿಲ್ಲ. ಮೂರು ದಿನದಿಂದ ಅನ್ನದ ಮುಂದೆ ಕೂತು ನೀವೇ ಕೇಳ್ತಾ ಇದ್ದೀರಿ, ಬೆರಳು ಮುರಿದ್ರೆ ಕೂಡೋಕೆ ಎಷ್ಟು ದಿನ ಬೇಕು ಅಂತ. ಡಾಕ್ಟರನ್ನ ಕೇಳಿ.”

ಹಾಗೆ ಕೇಳಿದ್ದು ನನಗೆ ನೆನಪಿಲ್ಲ. ಹೆಂಗಸರು ಏನಾದರೊಂದು ಕಟ್ಟಿ ಹೇಳುತ್ತಾರೆ.

ಜುಲೈ 18, ಗುರುವಾರ

ವಿಚಾರಣೆ. ಪೂರ್ತಿ ಬರೆಯುತ್ತೇನೆ, ಮುಂದೆ ಯಾರಾದರೂ ತಿರುಚಿದರೆ ನನ್ನ ಹತ್ತಿರ ನಕಲು ಇರಲಿ.

ಗ್ರಂಥಾಲಯದಲ್ಲಿ ಮೇಜು ಹಾಕಿಸಿದ್ದೆ. ಒಂದು ಕಡೆ ಸಮಿತಿಯ ಮೂವರು, ಇನ್ನೊಂದು ಕಡೆ ತಾಯಿ ಮಗಳು, ಕಿಟಕಿ ಪಕ್ಕ ಗಣಿತದ ಮೇಷ್ಟ್ರು ಕಾಲಮೇಲೆ ಕಾಲು. ಅವರ ಕ್ಲಾಸಿನಲ್ಲಿ ಪ್ರತಿ ವರ್ಷ ಎಲ್ಲರೂ ಪಾಸು. ಅವರ ಫೋಟೋ ಗೇಟಿನ ಮೇಲೆ ಅಧ್ಯಕ್ಷರ ಫೋಟೋಗಿಂತ ಒಂದು ಬೆರಳು ಚಿಕ್ಕದಾಗಿದೆ, ಅಷ್ಟೇ.

ನನ್ನ ಹೆಸರು ಕರೆದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿದ್ದೆ.

“ಈ ಸಹಿ ನಿಮ್ಮದಾ?” ಎಂದ ಅಳಿಯ.

“ನನ್ನದೇ. ಇಷ್ಟು ಚೆಂದದ ಸಹಿ ಈ ಶಾಲೆಯಲ್ಲಿ ಇನ್ಯಾರದ್ದೂ ಇಲ್ಲ.”

“ಜೂನ್ ಹದಿನೈದರಿಂದ ಜುಲೈ ಆರರವರೆಗೆ ಪೆಟ್ಟಿಗೇಲಿ ಯಾವ ದೂರೂ ಇರಲಿಲ್ಲ. ಹೌದು ತಾನೇ?”

ಹೌದು ಎನ್ನಲು ಬಾಯಿ ತೆರೆದೆ. ಪ್ರಶ್ನೆಪತ್ರಿಕೆ ನನ್ನನ್ನೇ ನೋಡುತ್ತಿದ್ದಳು. ಧೈರ್ಯವಾಗಿ ಹೇಳಿ ಎಂಬಂತೆ ಮೆಲ್ಲಗೆ ತಲೆಯಾಡಿಸಿದಳು. ಕಳ್ಳನನ್ನು ನಾನು ಹಿಡಿದಿದ್ದೇನೆ, ಈಗ ಹೆಸರು ಹೇಳುತ್ತೇನೆ ಎಂದುಕೊಂಡಿದ್ದಳೋ ಏನೋ.

“ಕಾಗದ ಇರ್ತಿದ್ವು,” ಎಂದೆ.

ಮೇಡಂ ಕನ್ನಡಕ ತೆಗೆದರು. ಅಳಿಯ ಮಾತ್ರ ಭಾರಿ ಚುರುಕು, ನಿಮಿಷದಲ್ಲಿ ಸೇತುವೆ ಕಟ್ಟಿದ.

“ಬರೆದುಕೊಳ್ಳಿ. ಈ ಮನುಷ್ಯ ಓದಿದ್ದು ಹಳ್ಳಿಯ ಒಂದೇ ಕೋಣೆಯ ಶಾಲೆಯಲ್ಲಿ. ಅಲ್ವಾ ಮಾವ? ಸಹಿ ಹಾಕೋಕೆ ಬರುತ್ತೆ, ಲೆಕ್ಕ ಎಣಿಸೋಕೆ ಬರುತ್ತೆ, ಮಕ್ಕಳ ಕೈಬರಹ ಓದೋಕೆ ಬರಲ್ಲ. ಏನೋ ಕಸ ಬಿದ್ದಿದೆ ಅಂತ ಎಸೆದಿದ್ದಾರೆ. ಪಾಪ, ಇವರ ತಪ್ಪಲ್ಲ, ಯಾರ ತಪ್ಪೂ ಅಲ್ಲ. ಅಲ್ವಾ ಮಾವ?”

ಕಣ್ಣಲ್ಲೇ ಸನ್ನೆ ಮಾಡಿದ. ಹೌದು ಎಂದರೆ ನಾನೂ ಬಚಾವು, ಶಾಲೆಯೂ ಬಚಾವು, ಕುರ್ಚಿಯೂ ತಿರುಗುತ್ತದೆ.

ನನಗೆ ಓದಲು ಬರುವುದಿಲ್ಲವಂತೆ! ಒಂದೇ ಕೋಣೆಯಲ್ಲಿ ಏಳು ಕ್ಲಾಸಿಗೆ ಒಬ್ಬರೇ ಮೇಷ್ಟ್ರು, ಅವರ ಹತ್ತಿರ ಕಲಿತವರು ನಾವು. ಮುಂದಿನ ಸಾಲಿನಲ್ಲಿ ಒಂದನೇ ಕ್ಲಾಸು ಅ ಆ ಇ ಈ ಕೂಗುತ್ತಿದ್ದರೆ ಹಿಂದಿನ ಸಾಲಿನಲ್ಲಿ ನಾವು ಪದ್ಯ ಬಾಯಿಪಾಠ ಮಾಡುತ್ತಿದ್ದೆವು. ಆ ಗದ್ದಲದಲ್ಲಿ ಓದಿದವನಿಗೆ ಮಕ್ಕಳ ಚೀಟಿ ಓದಲು ಬಾರದೇ?

“ರೀ ವಕೀಲ್ರೇ,” ಎಂದೆ, “ನಿಮ್ಮ ವರದೀಲಿ ಎರಡನೇ ಪುಟದಲ್ಲಿ ‘ಪರಿಶೀಲನೆ’ ತಪ್ಪು ಬರೆದಿದ್ದೀರಿ, ಸೋಮವಾರವೇ ನೋಡಿದ್ದೆ, ಮರ್ಯಾದೆಗೆ ಸುಮ್ಮನಿದ್ದೆ. ನನಗೆ ಓದೋಕೆ ಬರಲ್ವಾ? ಕೇಳಿ. ಮೊದಲನೇ ಚೀಟಿ: ‘ಗಣಿತದ ಸರ್ ಸ್ಕೇಲಿನ ಅಂಚಿನಿಂದ ಗಣ್ಣಿಗೆ ಹೊಡೆಯುತ್ತಾರೆ. ಒಂದು ತಪ್ಪಿಗೆ ಒಂದು ಏಟು.’ ಎರಡನೇದು: ‘ಮೊನ್ನೆ ಬರೆದಿದ್ದೆ. ಯಾರಾದರೂ ಓದಿದಿರಾ? ಇವತ್ತು ನನ್ನ ಪಕ್ಕದವಳಿಗೆ ಏಳು ಬಿತ್ತು.’ ಮೂರನೇದು: ‘ಈ ಪೆಟ್ಟಿಗೆ ಯಾರದು?’”

ನಾಲ್ಕನೆಯದನ್ನೂ ಹೇಳಿದೆ. ಒಂದು ಪದ ಬಿಡಲಿಲ್ಲ. ತಾಯಿ ಟೇಪನ್ನು ಕೈಗೆ ಸುತ್ತಿಕೊಳ್ಳುತ್ತಲೇ ಇದ್ದಳು. ಕಾಲಮೇಲೆ ಕಾಲು ಹಾಕಿದ್ದ ಮೇಷ್ಟ್ರು ಕಾಲು ಇಳಿಸಿದರು.

“ಮೂರು ಸ್ಕೇಲು ಕೊಟ್ಟಿದ್ದೇನೆ, ಮೂರೂ ಬಾಗಿವೆ,” ಎಂದೂ ಸೇರಿಸಿದೆ. ನಾನು ಶುರುಮಾಡಿದರೆ ಅರ್ಧಕ್ಕೆ ನಿಲ್ಲಿಸುವವನಲ್ಲ.

ಆಗ ಹಲ್ಲಿನ ಡಾಕ್ಟರು ಮೊದಲ ಸಲ ಬಾಯಿ ತೆರೆದರು. ಮೆಲ್ಲನೆಯ ದನಿ. “ಚೀಟೀಲಿ ಹೆಸರಿರಲಿಲ್ಲ. ಮೇಷ್ಟ್ರಿಗೆ ಇವಳೇ ಅಂತ ಹೇಗೆ ಗೊತ್ತಾಯ್ತು?”

ಮೇಷ್ಟ್ರು ನನ್ನ ಕಡೆ ನೋಡಿದರು. ಅಳಿಯ, “ಅದು ಅಪ್ರಸ್ತುತ,” ಎಂದ. ಡಾಕ್ಟರು ಅವನತ್ತ ತಿರುಗದೆ ನನ್ನನ್ನೇ ನೋಡುತ್ತಾ ಕೂತರು, ನೋವಿರುವ ಹಲ್ಲು ಯಾವುದು ಎಂದು ರೋಗಿಯೇ ತೋರಿಸಲಿ ಎಂಬ ಹಾಗೆ.

“ನಾನು ಹೇಳಿದೆ,” ಎಂದೆ. “ಅಕ್ಷರ ಗುರುತು ಸಿಕ್ತು. ಟೀ ಕುಡಿಯೋವಾಗ ಹೇಳಿದೆ.”

ಹುಡುಗಿ ಏನೂ ಕೇಳಲಿಲ್ಲ. ಅವಳು ಪ್ರಶ್ನೆ ಕೇಳದೆ ಇದ್ದದ್ದನ್ನು ನಾನು ಇವತ್ತೇ ನೋಡಿದ್ದು.

ಇಷ್ಟೆಲ್ಲ ಮಾಡಿದ್ದು ನಮ್ಮೂರ ಮೇಷ್ಟ್ರ ಮರ್ಯಾದೆಗಾಗಿ. ಬೇರೇನೂ ಕಾರಣವಿಲ್ಲ. ನನ್ನನ್ನು ಅಕ್ಷರ ಬಾರದವನು ಎಂದರೆ ಸುಮ್ಮನಿರುತ್ತೇನೆಯೇ?

ಜುಲೈ 19, ಶುಕ್ರವಾರ

ಬೀಗದ ಕೈಗಳನ್ನು ಒಪ್ಪಿಸಿ ಎಂದರು. ಒಪ್ಪಿಸಿದೆ. ಸೊಂಟ ಹಗುರವಾಗಿ ನಡೆಯುವಾಗ ಒಂದು ಕಡೆಗೆ ವಾಲುತ್ತಿದೆ.

ಜುಲೈ 27, ಶನಿವಾರ

ವರದಿ ಬಂತು. ಮನೆಗೇ ಪ್ರತಿ ಕಳಿಸಿದ್ದಾರೆ, ‘ಪರಿಶೀಲನೆ’ ಈ ಸಲ ಸರಿಯಾಗಿದೆ. ಹುಡುಗಿಗೆ ಟೀಸಿ ಕೊಡುವ ಮಾತು ಬಿಟ್ಟಿದ್ದಾರೆ. ಮೇಷ್ಟ್ರಿಗೆ ‘ಬಾಯಿಮಾತಿನ ಎಚ್ಚರಿಕೆ’. ಸೋಮವಾರದಿಂದ ಅದೇ ಕ್ಲಾಸು, ಅದೇ ಬೋರ್ಡು. ಸ್ಕೇಲು ಮಾತ್ರ ಪ್ಲಾಸ್ಟಿಕ್ಕಿನದು ಬಳಸಬೇಕಂತೆ. ಇಡೀ ಘಟನೆಗೆ ಕಾರಣ ‘ಒಬ್ಬ ಬೋಧಕೇತರ ಸಿಬ್ಬಂದಿಯ ಬೇಜವಾಬ್ದಾರಿ’. ಅವನನ್ನು ಕೆಲಸದಿಂದ ತೆಗೆಯಲಾಗಿದೆ. ಒಬ್ಬ ಎಂದರೆ ನಾನು. ಹೆಸರನ್ನೂ ಹಾಕಿಲ್ಲ. ಹಲ್ಲಿನ ಡಾಕ್ಟರು ವರದಿಗೆ ಸಹಿ ಹಾಕಿಲ್ಲ, ಪಕ್ಕದಲ್ಲಿ ‘ಒಪ್ಪಿಗೆಯಿಲ್ಲ’ ಎಂದು ಬರೆದಿದ್ದಾರೆ. ಅಕ್ಷರ ಓದಲು ಕಷ್ಟವಾಯಿತು, ಡಾಕ್ಟರಲ್ಲವೇ.

ಮನೆಯವಳು ಓದಿಸಿ ಕೇಳಿಸಿಕೊಂಡಳು. ಬೈಯುತ್ತಾಳೆ ಎಂದು ಕಾದೆ. ಅವಳು ಇನ್ನೊಂದು ಸಲ ಅನ್ನ ಬಡಿಸಿ, “ಆ ಹುಡುಗಿ ಸೋಮವಾರ ಅದೇ ಬೆಂಚಿಗೆ ಹೋಗಿ ಕೂರಬೇಕಾ?” ಎಂದಳು.

“ಹೌದು.”

“ಹಾಗಾದ್ರೆ ಊಟ ಮುಗಿಸಿ ಹೋಗಿ ಅವಳನ್ನ ನೋಡಿಕೊಂಡು ಬನ್ನಿ.”

ಹೋಗಲಿಲ್ಲ. ಮೊಣಕಾಲು ನೋವು.

ಆಗಸ್ಟ್ 4, ಭಾನುವಾರ

ಮೊಣಕಾಲು ಒಂದು ವಾರ ನೋಯಿತು. ಇವತ್ತು ಟೈಲರ್ ಅಂಗಡಿಗೆ ಹೋದೆ. ಹೊಲಿಯಲು ಒಂದು ಪ್ಯಾಂಟು ಹಿಡಿದುಕೊಂಡು ಹೋಗಿದ್ದೆ, ಬರಿಗೈಯಲ್ಲಿ ಹೋಗುವುದು ಹೇಗೆ. ತಾಯಿ ಪ್ಯಾಂಟು ತೆಗೆದುಕೊಂಡಳು, ಎಷ್ಟು ಒಳಗೆ ಹಿಡಿಯಬೇಕು ಎಂದು ಕೇಳಿದಳು, ಅಷ್ಟೇ. ಕೂರಿ ಎನ್ನಲಿಲ್ಲ. ಹೊಲಿಗೆ ಯಂತ್ರದ ಹಿಂದೆ ಬಟ್ಟೆಯ ಗಂಟುಗಳ ನಡುವೆ ಹುಡುಗಿ ಕೂತಿದ್ದಳು. ಒಂದು ವಾರದಿಂದ ಶಾಲೆಗೆ ಹೋಗಿಲ್ಲ. ಎಡಗೈಯಲ್ಲಿ ಬರೆಯುತ್ತಿದ್ದಳು.

“ಏನು ಬರೀತಿದ್ದೀಯಮ್ಮ?”

“ದೂರು. ಶಿಕ್ಷಣ ಇಲಾಖೆಗೆ,” ಎಂದಳು ತಲೆ ಎತ್ತದೆ. “ಸರ್ ಮೇಲೆ, ಮೇಡಂ ಮೇಲೆ. ನಿಮ್ಮ ಮೇಲೂ ಇದೆ.”

“ನೋಡಬಹುದಾ?”

ತಾಯಿಯ ಯಂತ್ರ ನಿಂತಿತು. ಹುಡುಗಿ ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ಕೈಗೆ ಕೊಡಲಿಲ್ಲ, ಅಂಚನ್ನು ಹಿಡಿದುಕೊಂಡೇ ಇದ್ದಳು.

ಎಡಗೈ ಅಕ್ಷರ, ಸಾಲುಗಳೆಲ್ಲ ಜಾರುಬಂಡೆ. ಯಾರದೆಂದು ನಾನಾದರೂ ಗುರುತಿಸಲಾರೆ. ನಿಂತುಕೊಂಡೇ ನಿಧಾನವಾಗಿ ಓದಿದೆ. ಮೇಷ್ಟ್ರ ವಿಷಯ ಸರಿಯಾಗಿತ್ತು. ಮೇಡಂ ಎರಡನೇ ಬೀಗದ ಕೈಯನ್ನು ನನಗೇ ಕೊಟ್ಟಿದ್ದು ಅವಳಿಗೆ ಗೊತ್ತಿರಲಿಲ್ಲ, ಹೇಳಿದೆ, ಬರೆದುಕೊಂಡಳು. ನನ್ನ ವಿಷಯ ಕೊನೆಯಲ್ಲಿತ್ತು: ‘ಸ್ಟೋರ್ ಕೀಪರ್ ಅವರು ಗೊತ್ತಿಲ್ಲದೆ ನನ್ನ ಹೆಸರನ್ನು ಹೇಳಿರಬಹುದು.’

“ಇದು ಸರಿಯಿಲ್ಲ,” ಎಂದೆ.

“ಯಾವುದು?” ದನಿ ಗಟ್ಟಿಯಾಯಿತು. “ನೀವೇ ಒಪ್ಪಿಕೊಂಡ್ರಲ್ಲ ಅವತ್ತು?”

“ಅದಕ್ಕೇ. ‘ಗೊತ್ತಿಲ್ಲದೆ’ ಅನ್ನೋದನ್ನ ಹೊಡೆದುಹಾಕು. ‘ಹೇಳಿರಬಹುದು’ ಅಲ್ಲ, ‘ಹೇಳಿದರು’. ತಾರೀಕು ಜೂನ್ ಇಪ್ಪತ್ತೊಂಬತ್ತು, ಮಧ್ಯಾಹ್ನ. ಅದನ್ನೂ ಹಾಕು. ತಾರೀಕಿಲ್ಲದ ದೂರನ್ನ ಪಕ್ಕಕ್ಕಿಡ್ತಾರೆ.”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಗ್ಗಿ ಹೊಡೆದುಹಾಕಿದಳು. ಎಡಗೈಯಲ್ಲವೇ, ಗೆರೆ ನೆಟ್ಟಗೆ ಬರಲಿಲ್ಲ, ಎರಡು ಸಲ ಎಳೆಯಬೇಕಾಯಿತು. ‘ಹೇಳಿದರು’ ಎಂದು ಬರೆದು ಮುಗಿಸುವವರೆಗೂ ನಾನು ಅಲ್ಲೇ ನಿಂತಿದ್ದೆ.

“ಕೆಳಗೆ ಸಾಕ್ಷಿ ಅಂತ ಜಾಗ ಬಿಡು,” ಎಂದೆ.